ಇಡಿಯಿರುಳಿನ ಆಟಕ್ಕೆ ಸಿದ್ಧತೆ

ಕಬಡ್ಡಿ, ವಾಲಿಬಾಲ್, ಓಟ ಮೊದಲಾದ ಹಗಲಿನ ಆಟಗಳಿಗೆ ದೇಹವನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ನಾವೆಲ್ಲರೂ ಪ್ರೌಢಶಾಲೆಯ ದಿನಗಳಿಂದ ಕೇಳುತ್ತ ಬಂದಿದ್ದೇವೆ. ಆದರೆ ಸೂರ್ಯಾಸ್ತಕ್ಕೆ ಮೊದಲಾಗಿ ಸೂರ್ಯೋದಯಕ್ಕೆ ಮುಗಿಯತಕ್ಕ ಆಟವೊಂದಿದೆ. ಅದಕ್ಕೆ ಅಣಿಯಾಗುವ ಕ್ರಮವನ್ನು ಹೇಳುವವರು ಕಡಮೆ. ಹೇಳಿದರೂ ‘ಧೈರ್ಯವಾಗಿರಿ, ನಿದ್ದೆ ಮಾಡಬೇಡಿ’ ಎಂಬ ಎರಡು ಮಾತುಗಳಲ್ಲಿ ಮುಗಿಸಿಬಿಡುವರು. ಈ ಎರಡು ಮಾತುಗಳು ಸಾಲವು, ಅದರಲ್ಲಿಯೂ ಎರಡನೆಯದು ತಪ್ಪು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ಅದನ್ನು ಸ್ವಲ್ಪ ವಿವರಿಸುತ್ತೇನೆ. 1948ರ ಕಾಯಿದೆಯಿಂದ ಸ್ಥಾಪಿತವಾದ ಎನ್. ಸಿ. ಸಿ.ಯ ಪಾಠಕ್ರಮದಲ್ಲಿ ಡ್ರಿಲ್ಲಿನ ಜೊತೆಗೆ ನಕ್ಷೆ ಓದುವುದು, ಬಯಲಿನಲ್ಲಿ ಮರೆಯಾಗಿ ಚಲಿಸುವುದು, ಕಾವಲು ನಿಲ್ಲುವುದು ಮುಂತಾದ ವಿಷಯಗಳೂ ಸೇರಿವೆ. ಇವನ್ನು ಪುಸ್ತಕದಿಂದ ಕಲಿಯಲಾಗದು. ಆದುದರಿಂದ ನಾವು ಕೆಲವು ಮಂದಿ ಕೆಡೆಟ್ಟುಗಳೂ ರೋವರುಗಳೂ ಸೇರಿ, ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ, ಡಿಸೆಂಬರಿನಲ್ಲಿ ಒಂದು ರಾತ್ರಿ ಊರ ಹೊರಗಿನ ಗೋಮಾಳದಲ್ಲಿ ಆಟವಾಡುತ್ತೇವೆ. ಹನ್ನೆರಡು ಹನ್ನೆರಡು ಮಂದಿಯ ಎರಡು ತಂಡಗಳು. ಒಂದು ತಂಡ ಅರಳಿಕಟ್ಟೆಯ ಮೇಲೆ ನೆಟ್ಟ ಬಾವುಟವನ್ನು ಕಾಯುವುದು. ಇನ್ನೊಂದು ಅದನ್ನು ಕದ್ದೊಯ್ಯಲು ಹವಣಿಸುವುದು. ಬಂದೂಕೂ ಇಲ್ಲ, ಕೋಲೂ ಇಲ್ಲ. ಎದುರಾಳಿಯ ಮೈಮೇಲೆ ಟಾರ್ಚಿನ ಬೆಳಕು ಬಿಟ್ಟು ಅವನ ಹೆಸರು ಹಿಡಿದು ಕೂಗಿದರೆ ಅವನು ಸತ್ತಂತೆ. ಒಂದು ಗಂಟೆ ಕಾಲ ಶಿಬಿರದಲ್ಲಿ ಕುಳಿತಿರಬೇಕು. ಜಪಾನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಏರ್‌ಸಾಫ್ಟ್’ ಎಂಬ ಆಟದಲ್ಲಿ ಆಟಿಕೆಯ ಬಂದೂಕಿನಿಂದ ಪ್ಲಾಸ್ಟಿಕ್ ಗುಂಡು ಹಾರಿಸುವರು. ಹೊರದೇಶಗಳಲ್ಲಿ ಅದನ್ನು ಇಡೀ ರಾತ್ರಿ, ಕೆಲವೊಮ್ಮೆ ಎರಡು ದಿನಗಳವರೆಗೂ ಆಡುವುದುಂಟು. ನಮ್ಮ ಟಾರ್ಚಿನ ಆಟಕ್ಕೆ ಖರ್ಚು ಕಡಮೆ, ಕಣ್ಣಿಗೆ ಪೆಟ್ಟಾಗುವ ಭಯವೂ ಇಲ್ಲ. ಆದರೆ ಆಟ ಯಾವುದಾದರೂ ರಾತ್ರಿ ಒಂದೇ. ಡಿಸೆಂಬರಿನ ನಡುವಿನಲ್ಲಿ ನಮ್ಮ ಹುಣಸೂರಿನ ಸೀಮೆಯಲ್ಲಿ ಅದರ ಉದ್ದ ಸುಮಾರು ಹನ್ನೆರಡೂವರೆ ಗಂಟೆ.

ಈ ಆಟದಲ್ಲಿ ಎರಡು ವರ್ಷ ಭಾಗವಹಿಸಿ ನಾನು ಕಂಡುದು ಇದು. ರಾತ್ರಿ ಹತ್ತು ಗಂಟೆಯವರೆಗೆ ಎಲ್ಲರೂ ಹುಲಿಗಳೇ. ಹನ್ನೆರಡಕ್ಕೆ ಮಾತು ಕಡಮೆಯಾಗುವುದು. ಮೂರು ಗಂಟೆಗೆ ಕಾವಲುಗಾರ ನಿಂತಿರುತ್ತಾನೆ, ಕಣ್ಣು ತೆರೆದಿರುತ್ತದೆ, ಎದುರಿಗೆ ಹತ್ತು ಅಡಿಯಲ್ಲಿ ಶತ್ರು ಹಾದುಹೋದರೂ ಅವನಿಗೆ ಕಾಣುವುದಿಲ್ಲ. ಬೆಳಗ್ಗೆ ಅವನನ್ನು ಹಾಸ್ಯ ಮಾಡುವುದು, ‘ಅವನಲ್ಲಿ ಕಸುವಿಲ್ಲ’ ಎನ್ನುವುದು ಸಾಮಾನ್ಯ. ಇದನ್ನು ನಾನು ಒಪ್ಪುವುದಿಲ್ಲ. ನಿದ್ದೆ ಬಂದುದು ಅವನ ಶೀಲದ ಕೊರತೆಯಿಂದಲ್ಲ, ತಂಡದ ವ್ಯವಸ್ಥೆಯ ಕೊರತೆಯಿಂದ. ನಮ್ಮ ಸೀಮೆಯವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾದುದೇ ಇಲ್ಲ. ರಾತ್ರಿ ಕಾಯುವ ವಿದ್ಯೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರೈತರನ್ನು ಮೀರಿಸುವವರು ವಿರಳ.

ಹೊಗೆಸೊಪ್ಪಿನ ಬ್ಯಾರನ್ನನ್ನೇ ನೋಡಿರಿ. ಮಳೆಗಾಲದ ನಡುವಿನಲ್ಲಿ ಎಲೆ ಬಿಡಿಸಿ, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲಿರುಳು ಅದರ ಒಲೆ ಆರಬಾರದು. ಮೊದಲು ಎಲೆ ಹಳದಿಗೆ ತಿರುಗುವವರೆಗೆ 95-100 ಡಿಗ್ರಿ ಫ್ಯಾರನ್‌ಹೀಟ್ ಶಾಖ. ಬಳಿಕ ಬಣ್ಣ ನಿಲ್ಲಿಸುವುದು, ಎಲೆ ಒಣಗಿಸುವುದು. ಕೊನೆಗೆ ನಡುವಿನ ದಂಟು ಒಣಗಲು 160 ಡಿಗ್ರಿಯವರೆಗೆ ಮೆಲ್ಲಮೆಲ್ಲನೆ ಏರಿಸಬೇಕು. ಶಾಖ ಬೇಗ ಏರಿದರೆ ಎಲೆ ಹಸಿರಾಗಿಯೇ ನಿಂತುಬಿಡುವುದು, ಇಳಿದರೆ ಕಂದಾಗುವುದು, ಒಣಗಿದ ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುವುದು. ಒಂದು ರಾತ್ರಿಯ ಅಜಾಗರೂಕತೆಗೆ ಹರಾಜುಕಟ್ಟೆಯಲ್ಲಿ ದಂಡ ತೆರಬೇಕು, ಅದೂ ಸಾಲ ಮಾಡಿ ಬೆಳೆದ ಬೆಳೆಗೆ. ಇಷ್ಟು ದೊಡ್ಡ ಪಣವಿದ್ದರೂ ನಮ್ಮ ದೊಡ್ಡಪ್ಪ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಎಚ್ಚರವಾಗಿರುವುದನ್ನು ನಾನು ಒಂದು ದಿನವೂ ಕಂಡಿಲ್ಲ. ಒಲೆಗೆ ಸೌದೆ ಒಡ್ಡಿ, ಥರ್ಮಾಮೀಟರು ನೋಡಿ, ದೊಡ್ಡಮ್ಮನನ್ನೋ ಅಣ್ಣನನ್ನೋ ಎಬ್ಬಿಸಿ ಕೂರಿಸಿ, ತಾನು ಅಲ್ಲಿಯೇ ಗೋಣಿಯ ಮೇಲೆ ಮಲಗಿಬಿಡುವನು. ಮೊದಲನೆಯ ವರ್ಷ ಆಟಕ್ಕೆ ಹೊರಟಾಗ ನಾನು ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲವೆಂದು ಪ್ರತಿಜ್ಞೆ ಮಾಡಿದುದನ್ನು ಕೇಳಿ ಅವನು ಹೇಳಿದ ಮಾತು ಹೀಗಿದೆ: “ನಿದ್ದೆ ಜೊತೆ ಜಗಳ ಆಡಬ್ಯಾಡ ಕಣ್ ಮಗ. ಅದರ ಪಾಲು ಅದಕ್ಕೆ ಕೊಟ್ಬುಡು, ಮಿಕ್ಕಿದ್ದು ನಿನಗೇ ಬುಟ್ಬುಡ್ತದೆ.”

ಶಾಸ್ತ್ರವೂ ಇದನ್ನೇ ಹೇಳುವುದು. ನಮ್ಮ ದೇಹದೊಳಗೆ ಹಗಲಿರುಳುಗಳನ್ನು ಅನುಸರಿಸುವ ಗಡಿಯಾರವೊಂದಿದೆ; ಅದು ಜೀವಕೋಶಗಳೊಳಗೆ ಹೇಗೆ ನಡೆಯುವುದೆಂಬುದನ್ನು ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ಗಡಿಯಾರದ ಪ್ರಕಾರ ರಾತ್ರಿ ಮೂರರಿಂದ ಐದರವರೆಗೆ ದೇಹದ ಉಷ್ಣತೆ ಅತ್ಯಂತ ಕೆಳಗಿಳಿದಿರುವುದು, ಗಮನ ಮಂದವಾಗಿರುವುದು. ಎಷ್ಟು ಬಲಶಾಲಿಯಾದರೂ ಈ ಇಳಿತ ತಪ್ಪದು. ಅಮೆರಿಕದ ರ‍್ಯಾಂಡಿ ಗಾರ್ಡ್ನರ್ ಎಂಬ ಹದಿನೇಳು ವರ್ಷದ ಹುಡುಗ 1963ರ ಕೊನೆಯಲ್ಲಿ ಆರಂಭಿಸಿ 264 ಗಂಟೆಗಳ ಕಾಲ ನಿದ್ದೆಯಿಲ್ಲದೆ ಇದ್ದನೆಂದು ನಮ್ಮಲ್ಲಿ ಕೆಲವರು ಉದಾಹರಿಸುತ್ತಾರೆ. ಅವನ ಸುತ್ತ ಎಬ್ಬಿಸಿಡಲು ಗೆಳೆಯರಿದ್ದರು, ಪರೀಕ್ಷಿಸಲು ವೈದ್ಯರಿದ್ದರು. ಅವನು ಬಾವುಟ ಕಾಯಬೇಕಾಗಿರಲಿಲ್ಲ. ಇಂತಹ ದಾಖಲೆಗಳು ಅಪಾಯಕರವೆಂದು ಗಿನ್ನೆಸ್ ಪುಸ್ತಕದವರೂ ಈಗ ಅವನ್ನು ಸ್ವೀಕರಿಸುವುದಿಲ್ಲ.

ಇದಕ್ಕಿಂತ ನಮಗೆ ಉಪಯುಕ್ತವಾದುದು 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಆಸ್ಟ್ರೇಲಿಯದ ವಿದ್ವಾಂಸರು ಪ್ರಕಟಿಸಿದ ಪ್ರಯೋಗ. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುವುದೆಂದೂ, ಇಪ್ಪತ್ತನಾಲ್ಕು ಗಂಟೆಗಳಾದರೆ ಶೇಕಡಾ 0.10ರ ಮಟ್ಟಕ್ಕೆ ಇಳಿಯುವುದೆಂದೂ ಅವರು ಅಳೆದು ತೋರಿಸಿದರು. ನಮ್ಮ ದೇಶದಲ್ಲಿ ವಾಹನ ನಡೆಸುವವನಿಗೆ ಕಾನೂನು ಹಾಕಿರುವ ಮಿತಿ ಶೇಕಡಾ 0.03. ಬೆಳಗ್ಗೆ ಆರಕ್ಕೆ ಎದ್ದವನಿಗೆ ಹದಿನೇಳನೆಯ ಗಂಟೆ ರಾತ್ರಿ ಹನ್ನೊಂದಕ್ಕೇ ಮುಗಿಯುವುದು. ಆಟ ಆಗ ಇನ್ನೂ ಅರ್ಧವೂ ಆಗಿರುವುದಿಲ್ಲ. ಒಂದು ತೊಟ್ಟನ್ನೂ ಕುಡಿಯದ ನಾವು ಅಮಲೇರಿದವರಂತೆ ಕಾವಲು ನಿಲ್ಲುತ್ತೇವೆಂಬುದು ಮೊದಲ ಸಲ ಓದಿದಾಗ ನನಗೂ ನಂಬಲಾಗಲಿಲ್ಲ. ಮೂರು ಗಂಟೆಯ ಕಾವಲುಗಾರನ ಮುಖ ನೆನಪಿಗೆ ಬಂದ ಮೇಲೆ ನಂಬಿದೆ.

ಹಾಗಾದರೆ ನಿದ್ದೆಯ ಪಾಲನ್ನು ಕೊಡುವುದು ಹೇಗೆ? ಮೊದಲನೆಯದಾಗಿ, ಆಟದ ಹಿಂದಿನ ಮೂರು ರಾತ್ರಿಗಳೂ ತುಂಬ ನಿದ್ದೆ ಮಾಡಬೇಕು. ಆಟದ ದಿನ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಒಂದೂವರೆ ಗಂಟೆ ಮಲಗಬೇಕು. ನಿದ್ದೆ ಬಾರದಿದ್ದರೂ ಕತ್ತಲೆ ಮಾಡಿಕೊಂಡು ಕಣ್ಣುಮುಚ್ಚಿ ಬಿದ್ದಿರಬೇಕು. ಬಯಲುನಾಟಕಗಳಲ್ಲಿ ಇದನ್ನು ನೋಡಿ ಕಲಿಯಬಹುದು. ನಮ್ಮ ಹಳ್ಳಿಗಳಲ್ಲಿ ಬೆಳಗಿನ ತನಕ ‘ಕುರುಕ್ಷೇತ್ರ’ ಆಡುವಾಗ, ನಸುಕಿನಲ್ಲಿ ರಂಗಕ್ಕೆ ಬರಬೇಕಾದ ಪಾತ್ರಧಾರಿ ಬಣ್ಣದ ಮನೆಯ ಮೂಲೆಯಲ್ಲಿ ಹಾರ್ಮೋನಿಯಮ್ಮಿನ ಸದ್ದಿನ ನಡುವೆಯೇ ಗೊರಕೆ ಹೊಡೆಯುತ್ತಿರುವನು. ಎಬ್ಬಿಸಿ ಮುಖ ತೊಳೆಸಿದರೆ ಅವನ ಕಂದಪದ್ಯ ಊರಾಚೆಗೆ ಕೇಳುವುದು. ಸಂಜೆಯಿಂದ ಮುಂದಿನ ಸಾಲಿನಲ್ಲಿ ಕುಳಿತು ಸಿಳ್ಳೆ ಹಾಕಿದವರು ಆ ಹೊತ್ತಿಗೆ ಜಮಖಾನದ ಮೇಲೆ ಹೆಣಗಳಂತೆ ಬಿದ್ದಿರುವರು.

ಎರಡನೆಯದು ಸರದಿ. ಹನ್ನೆರಡು ಮಂದಿಯ ತಂಡವನ್ನು ಮೂವರಂತೆ ನಾಲ್ಕು ಗುಂಪು ಮಾಡಿರಿ. ರಾತ್ರಿ ಹತ್ತರಿಂದ ನಾಲ್ಕರವರೆಗಿನ ಆರು ಗಂಟೆಗಳನ್ನು ಒಂದೂವರೆ ಗಂಟೆಯ ನಾಲ್ಕು ಸರದಿಗಳಾಗಿ ಹಂಚಿರಿ. ಯಾವಾಗಲೂ ಒಂದು ಗುಂಪು ಮಲಗಿರಲಿ, ಎರಡು ಗುಂಪುಗಳು ಕಾವಲಿರಲಿ, ಒಂದು ಗುಂಪು ಸುತ್ತು ಹೊಡೆಯುತ್ತಿರಲಿ. ಹನ್ನೆರಡು ಜನರಲ್ಲಿ ಒಂಬತ್ತೇ ಜನ ಉಳಿದರೆಂದು ನಾಯಕನಿಗೆ ಮೊದಲು ಎದೆ ಹೊಡೆದುಕೊಳ್ಳುವುದು ಸಹಜ. ಆದರೆ ನಾಲ್ಕು ಗಂಟೆಗೆ ಎದುರಿನ ಹನ್ನೆರಡು ಮಂದಿ ತೂಕಡಿಸುತ್ತಿರುವಾಗ ಇವನ ಬಳಿ ಹನ್ನೆರಡು ಮಂದಿಯೂ ಎಚ್ಚರವಾಗಿರುವರು. ಒಂದೂವರೆ ಗಂಟೆ ಎಂಬುದಕ್ಕೆ ಕಾರಣವಿದೆ: ಹಗುರದಿಂದ ಗಾಢಕ್ಕೆ ಹೋಗಿ ಮತ್ತೆ ಹಗುರಕ್ಕೆ ಬರುವ ನಿದ್ದೆಯ ಒಂದು ಸುತ್ತು ಸರಿಸುಮಾರು ಅಷ್ಟು ಕಾಲದ್ದು. ಗಾಢನಿದ್ದೆಯ ನಡುವೆ ಎಬ್ಬಿಸಿದರೆ ಎದ್ದವನಿಗೆ ಕಾಲು ಗಂಟೆ ಅರ್ಧ ಗಂಟೆ ಪ್ರಪಂಚ ತಿಳಿಯದು. ಅಷ್ಟು ಹೊತ್ತು ಸಿಕ್ಕದಿದ್ದರೆ ಇಪ್ಪತ್ತು ನಿಮಿಷದ ಕೋಳಿನಿದ್ದೆ ಮೇಲು. ಹೇಗಾದರೂ ಎಬ್ಬಿಸುವುದನ್ನು ಸರದಿಗೆ ಕಾಲು ಗಂಟೆ ಮುಂಚೆಯೇ ಮಾಡಬೇಕು. ಎಬ್ಬಿಸಿದವನು ಮಲಗುವ ಮುನ್ನ ಎದ್ದವನ ಬಾಯಿಂದ ಆ ರಾತ್ರಿಯ ಸಂಕೇತಪದವನ್ನು ಹೇಳಿಸಬೇಕು. ‘ಹೂಂ’ ಎಂಬುದನ್ನು ಉತ್ತರವೆಂದು ಎಣಿಸತಕ್ಕದ್ದಲ್ಲ.

ಯಾರಿಗೆ ಯಾವ ಸರದಿ ಎಂಬುದರಲ್ಲಿಯೂ ವಿವೇಚನೆ ಬೇಕು. ನಸುಕಿನಲ್ಲಿಯೇ ಎದ್ದು ಹಾಲು ಕರೆದು ಡೈರಿಗೆ ಹಾಕಿ ಕಾಲೇಜಿಗೆ ಬರುವ ಸಹಪಾಠಿಗಳು ನಮ್ಮಲ್ಲಿ ಬಹುಮಂದಿ ಇದ್ದಾರೆ. ಹತ್ತು ಗಂಟೆಗೆ ಅವರ ಕಣ್ಣು ತಾನಾಗಿ ಎಳೆಯುವುದು. ಮೊದಲ ಸರದಿಯ ನಿದ್ದೆ ಅವರದು. ಪರೀಕ್ಷೆಯ ಕಾಲದಲ್ಲಿ ಹನ್ನೆರಡರವರೆಗೆ ಓದುವ ವಿದ್ಯಾರ್ಥಿನಿಲಯದವರನ್ನು ಹತ್ತಕ್ಕೆ ಮಲಗಿಸಿದರೆ ಅವರು ಮಗ್ಗುಲು ಬದಲಿಸುತ್ತ ಹರಟೆ ಹೊಡೆಯುವರು. ಅವರಿಗೆ ಎರಡೂವರೆಯಿಂದ ನಾಲ್ಕರ ಸರದಿಯನ್ನು ಕೊಟ್ಟು ಬೆಳಗಿನ ದಾಳಿಗೆ ಉಳಿಸಿಕೊಳ್ಳಬಹುದು. ಇನ್ನೊಂದು ಮಾತು. ಕಾವಲಿಗೆ ಒಬ್ಬನನ್ನೇ ನಿಲ್ಲಿಸಬಾರದು. ನಿದ್ದೆಗೆಟ್ಟವನು ಕೆಲವು ಕ್ಷಣ ನಿಂತಲ್ಲಿಯೇ ನಿದ್ರಿಸುವನು; ನಿದ್ರಿಸಿದೆನೆಂಬುದು ಅವನಿಗೇ ತಿಳಿಯದು. ಪಕ್ಕದಲ್ಲಿರುವವನಿಗೆ ಮಾತ್ರ ತಿಳಿಯುವುದು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಖೆಡ್ಡಾದಲ್ಲಿ ಇದೇ ನಿಯಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಲಾಗುತ್ತಿತ್ತು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಖೆಡ್ಡಾ ಕ್ರಮವನ್ನು ಆರಂಭಿಸಿದನು. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆನೆಗಳ ಹಿಂಡನ್ನು ಸುತ್ತುವರಿದು, ದಿನಗಟ್ಟಲೆ ಕಾವಲಿಟ್ಟು, ರಾತ್ರಿಯ ಹೊತ್ತು ಅಲ್ಲಲ್ಲಿ ಬೆಂಕಿ ಉರಿಸಿ, ಕೊನೆಗೆ ಕೋಟೆಯಂತಹ ಬೇಲಿಯೊಳಕ್ಕೆ ಅಟ್ಟುತ್ತಿದ್ದರು. ಕಾಡನ್ನು ಅಂಗೈಯಂತೆ ಬಲ್ಲ ಕುರುಬ ಜನರಿಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ. ಸುತ್ತಿನಲ್ಲಿ ಒಂದು ಕಡೆ ಬೆಂಕಿ ಆರಿದರೂ ಹಿಂಡು ಅಲ್ಲಿಂದಲೇ ನುಗ್ಗುವುದು. ಹಿಡಿಸಿಕೊಂಡ ಆನೆಗಳ ಗೋಳನ್ನು ನೆನೆದರೆ ಆ ಪದ್ಧತಿ ನಿಂತುಹೋದುದೇ ಒಳ್ಳೆಯದೆಂದು ನನ್ನ ಭಾವನೆ. ಆದರೆ ಅಷ್ಟು ದಿನ, ಅಷ್ಟು ಉದ್ದದ ಕಾವಲನ್ನು ಸಡಿಲವಾಗದಂತೆ ನಡೆಸಿದ ಜನರ ಹೆಸರುಗಳು ಎಲ್ಲಿಯೂ ಉಳಿಯದೆ ಹೋದುವಲ್ಲ ಎಂದು ವ್ಯಥೆಯೂ ಆಗುವುದು.

ಇನ್ನು ಕಣ್ಣಿನ ವಿಷಯ. ನಮ್ಮ ಕಣ್ಣಿನ ಒಳಪರದೆಯಲ್ಲಿ ಹಗಲಿಗೆ ಬೇಕಾದ ಶಂಕುಕೋಶಗಳೂ ಇರುಳಿಗೆ ಬೇಕಾದ ದಂಡಕೋಶಗಳೂ ಇವೆ. ಬೆಳಕಿನಿಂದ ಕತ್ತಲೆಗೆ ಬಂದಾಗ ಶಂಕುಕೋಶಗಳು ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುವುವು. ದಂಡಕೋಶಗಳಿಗೆ ಮೂವತ್ತು ನಲವತ್ತು ನಿಮಿಷ ಬೇಕು. ಇಷ್ಟು ಹೊತ್ತು ಕಾದು ಗಳಿಸಿದ ದೃಷ್ಟಿಯನ್ನು ಬಿಳಿಯ ಬೆಳಕು ಕ್ಷಣಮಾತ್ರದಲ್ಲಿ ಹಾಳುಮಾಡುವುದು. ಕಾವಲಿನಲ್ಲಿರುವವನು ಗಂಟೆಯೆಷ್ಟೆಂದು ನೋಡಲು ಮೊಬೈಲು ತೆಗೆದರೆ ಮುಂದಿನ ಅರ್ಧ ಗಂಟೆ ಅವನು ಕುರುಡನೇ ಸರಿ. ಜೊತೆಗೆ ಆ ಬೆಳಕು ಅವನ ಮುಖವನ್ನು ದೂರದ ಶತ್ರುವಿಗೆ ದೀಪ ಹಚ್ಚಿ ತೋರಿಸಿದಂತಾಗುವುದು. ನಮ್ಮ ಆಟದಲ್ಲಿ ಮೊಬೈಲುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಮೇಲ್ವಿಚಾರಕರ ವಶಕ್ಕೆ ಕೊಡುತ್ತೇವೆ. ಅವರ ಬಳಿ ಒಂದು, ಪ್ರತಿ ತಂಡದ ನಾಯಕನ ಬಳಿ ಒಂದು ಮಾತ್ರ ತುರ್ತಿಗಾಗಿ ಇರುತ್ತದೆ. ನಕ್ಷೆ ನೋಡಲೇಬೇಕಾದರೆ ಟಾರ್ಚಿನ ಬಾಯಿಗೆ ಕೆಂಪು ಗಾಜುಕಾಗದ ಕಟ್ಟಿ ನೋಡಬೇಕು. ಮಂದವಾದ ಕೆಂಪು ಬೆಳಕು ದಂಡಕೋಶಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ. ಬೆಳಕಿಗೆ ಹೋಗಲೇಬೇಕಾದರೆ ಒಂದು ಕಣ್ಣನ್ನು ಮುಚ್ಚಿಕೊಂಡಿದ್ದು ಅದನ್ನಾದರೂ ಉಳಿಸಿಕೊಳ್ಳಬಹುದು.

ಎಲ್ಲಕ್ಕಿಂತ ವಿಚಿತ್ರವಾದುದು, ಕತ್ತಲೆಯಲ್ಲಿ ನೇರವಾಗಿ ನೋಡಿದ ವಸ್ತು ಕಾಣದು. ಕಣ್ಣಿನ ನಟ್ಟನಡುವೆ ದಂಡಕೋಶಗಳಿಲ್ಲ. ಆದುದರಿಂದ ಅನುಮಾನ ಬಂದ ಪೊದೆಯನ್ನು ದಿಟ್ಟಿಸದೆ, ಅದರ ಪಕ್ಕಕ್ಕೆ ಒಂದಷ್ಟು ದೂರದಲ್ಲಿ ದೃಷ್ಟಿಯಿಟ್ಟರೆ ಪೊದೆ ಕಾಣುವುದು. ದಿಟ್ಟಿಸುತ್ತ ಹೋದರೆ ಪೊದೆಯೇ ನಡೆದು ಬಂದಂತೆ ತೋರುವುದು. ರಾತ್ರಿಯಲ್ಲಿ ದೆವ್ವ ಕಂಡವರ ಕಥೆಗಳಲ್ಲಿ ಕೆಲವಕ್ಕಾದರೂ ಇದೇ ಮೂಲವಾಗಿರಬಹುದು. ನೆಲಕ್ಕೆ ಕುಕ್ಕರಿಸಿ ಅಥವಾ ಮಲಗಿ ನೋಡುವುದು ಒಳ್ಳೆಯದು. ಬರುವವನ ಆಕಾರ ಆಗ ಆಕಾಶದ ಹಿನ್ನೆಲೆಯಲ್ಲಿ ಮೂಡುವುದು. ಕಿವಿಗೂ ರಾತ್ರಿ ಅನುಕೂಲ. ನೆಲ ತಣ್ಣಗಾದಾಗ ಕೆಳಗಿನ ಗಾಳಿ ಮೇಲಿನದಕ್ಕಿಂತ ತಂಪಾಗಿ, ಶಬ್ದ ಮೇಲಕ್ಕೆ ಹೋಗದೆ ನೆಲದತ್ತ ಬಾಗುವುದರಿಂದ ದೂರದ ಮಾತೂ ಕೇಳಿಸುವುದು. ಲಕ್ಷ್ಮಣತೀರ್ಥದ ಆಚೆಯ ದಡದ ನಾಯಿ ಬೊಗಳಿದುದು ಹಗಲು ಕೇಳದು, ರಾತ್ರಿ ಪಕ್ಕದಲ್ಲಿಯೇ ಇದ್ದಂತೆ ಕೇಳುವುದು.

ದಿಕ್ಕಿಗೆ ನಕ್ಷತ್ರಗಳಿವೆ. ಪುಸ್ತಕಗಳಲ್ಲಿ ಧ್ರುವನಕ್ಷತ್ರವನ್ನು ನೋಡಿ ಉತ್ತರವನ್ನು ತಿಳಿಯಿರೆಂದು ಬರೆದಿರುವುದು. ಧ್ರುವನು ದಿಗಂತದಿಂದ ಎಷ್ಟು ಎತ್ತರದಲ್ಲಿರುವನೆಂಬುದು ಆಯಾ ಊರಿನ ಅಕ್ಷಾಂಶಕ್ಕೆ ಸಮ. ನಮ್ಮ ಊರಿನ ಅಕ್ಷಾಂಶ ಸುಮಾರು 12 ಡಿಗ್ರಿ. ಎಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ, ಮರಗಳ ತುದಿಯ ಹಿಂದೆ ಅವಿತಿರುವನು. ನಮಗೆ ಹೆಚ್ಚು ಸಹಾಯಕವಾದುದು ಮಹಾವ್ಯಾಧ, ಎಂದರೆ ಬೇಟೆಗಾರನ ನಕ್ಷತ್ರಪುಂಜ. ಅದರ ನಡುಪಟ್ಟಿಯ ಮೂರು ನಕ್ಷತ್ರಗಳು ಹೆಚ್ಚುಕಡಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುವುವು. ಡಿಸೆಂಬರಿನ ನಡುವಿನಲ್ಲಿ ಸಂಜೆ ಮೂಡಿ, ನಡುರಾತ್ರಿಗೆ ನೆತ್ತಿಯ ಸಮೀಪಕ್ಕೆ ಬಂದು, ಬೆಳಗಿನ ಜಾವಕ್ಕೆ ಪಡುವಣಕ್ಕೆ ಇಳಿಯುವುವು. ಹೀಗೆ ಆ ಒಂದೇ ಪುಂಜ ದಿಕ್ಸೂಚಿಯೂ ಹೌದು, ಗಡಿಯಾರವೂ ಹೌದು. ಮೊಬೈಲು ಕೊಟ್ಟುಬಿಟ್ಟೆವಲ್ಲ ಎಂಬ ಕೊರಗು ಬೇಡ.

ಆಹಾರದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಮುದ್ದೆ ಊಟವನ್ನು ಸಂಜೆ ಐದಕ್ಕೇ ಮುಗಿಸುವುದು ಮೇಲು. ಒಂಬತ್ತಕ್ಕೆ ಅವರೆಕಾಳಿನ ಸಾರಿನಲ್ಲಿ ಎರಡು ಮುದ್ದೆ ಉಂಡವನಿಂದ ಮುಂದಿನ ಎರಡು ಗಂಟೆ ಏನನ್ನೂ ನಿರೀಕ್ಷಿಸಬಾರದು. ರಾತ್ರಿಗೆ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು. ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ. ಚಳಿಯಲ್ಲಿ ಬಾಯಾರಿಕೆ ತಿಳಿಯದಾದ್ದರಿಂದ ನೀರನ್ನು ನೆನಪಿಟ್ಟು ಕುಡಿಯಬೇಕು. ಕಾಫಿಯ ಪ್ರಭಾವ ಕಾಣಲು ಅರ್ಧ ಗಂಟೆ ಬೇಕು. ಐದು ಗಂಟೆಗಳಾದ ಮೇಲೂ ಅದರಲ್ಲಿ ಅರ್ಧದಷ್ಟು ರಕ್ತದಲ್ಲಿ ಉಳಿದಿರುವುದು. ಆದುದರಿಂದ ಸಂಜೆಯಿಂದಲೇ ಲೋಟದ ಮೇಲೆ ಲೋಟ ಕುಡಿಯದೆ, ನಡುರಾತ್ರಿಗೆ ಒಂದು, ಎರಡೂವರೆಗೆ ಒಂದು ಇಟ್ಟುಕೊಳ್ಳಿರಿ. ನಾಲ್ಕರ ಮೇಲೆ ಬೇಡ, ಬೆಳಗ್ಗೆ ಮಲಗಬೇಕಾಗಿದೆ.

ಪಾದಗಳಿಗೆ ಸಿಕ್ಕತಕ್ಕಷ್ಟು ಗೌರವ ಸಿಕ್ಕುತ್ತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ಇಲಾಖೆಯ ಕೇಂದ್ರವಾಗಿತ್ತು. ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯಿದ್ದು, ಸೈನ್ಯಕ್ಕೆ ಬೇಕಾದ ಬೂಟು, ಬೆನ್ನುಚೀಲ, ಕಂಬಳಿಗಳು ತಯಾರಾಗುತ್ತಿದ್ದುವು. ಆ ದಂಡಿನವರು ಬೂಟಿಗೂ ಕಂಬಳಿಗೂ ಅಷ್ಟು ಮಹತ್ವ ಕೊಟ್ಟುದು ಸುಮ್ಮನೆ ಅಲ್ಲ. ಹೊಸ ಬೂಟನ್ನು ಆಟದ ದಿನವೇ ಮೊದಲಬಾರಿಗೆ ತೊಡುವುದೆಂದರೆ ಎರಡು ಗಂಟೆಯೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎಂದರ್ಥ. ಒಂದು ತಿಂಗಳು ತೊಟ್ಟು ಪಳಗಿಸಬೇಕು. ಇಬ್ಬನಿಯಲ್ಲಿ ನೆನೆದ ಕಾಲುಚೀಲವನ್ನು ನಡುರಾತ್ರಿಗೆ ಬಿಚ್ಚಿ, ಪಾದ ಒರಸಿ, ಒಣಗಿದ್ದನ್ನು ಹಾಕಿಕೊಳ್ಳಬೇಕು. ಡಿಸೆಂಬರಿನ ನಸುಕಿಗೆ ಉಷ್ಣತೆ 15-16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಓಡಾಡುವಾಗ ಅದು ಹಿತವೇ. ಬೆವತ ಅಂಗಿಯಲ್ಲಿ ಅಲುಗಾಡದೆ ಕುಳಿತಾಗ ನಡುಕ ಹುಟ್ಟುವುದು. ಕುಳಿತುಕೊಳ್ಳುವ ಮೊದಲು ಅಂಗಿ ಬದಲಿಸಿ ಕಂಬಳಿ ಹೊದೆಯಿರಿ. ಉಣ್ಣೆ ತೇವವಾದರೂ ಬೆಚ್ಚಗಿಡುವುದು. ಹತ್ತಿಯ ಜಮಖಾನೆಗೆ ಆ ಗುಣವಿಲ್ಲ.

ಅಮೃತಮಹಲ್ ಎತ್ತುಗಳು ಫಿರಂಗಿಗಳನ್ನೆಳೆದು ದೀರ್ಘಪ್ರಯಾಣ ಮಾಡುವುದಕ್ಕೆ ಪ್ರಸಿದ್ಧವಾಗಿದ್ದುವು. ಅವುಗಳ ಹೆಗ್ಗಳಿಕೆ ಒಂದು ಹೊತ್ತಿನ ಓಟದಲ್ಲಿ ಮಾತ್ರ ಇರಲಿಲ್ಲ. ಸಮಗತಿಯಲ್ಲಿ ದಿನವಿಡೀ ನಡೆಯುವುದರಲ್ಲಿತ್ತು. ನಮಗೂ ಬೇಕಾದುದು ಅದೇ ಶ್ರಮಸಹಿಷ್ಣುತೆ. ಆಟಕ್ಕೆ ಆರು ವಾರ ಮೊದಲಿನಿಂದ ವಾರಕ್ಕೆ ಮೂರು ದಿನ, ರಾತ್ರಿ ಹೊರುವ ಚೀಲವನ್ನೇ ಹೊತ್ತು, ಆರು ಕಿಲೋಮೀಟರಿನಿಂದ ಆರಂಭಿಸಿ ಹದಿನಾರಕ್ಕೆ ಏರಿಸುತ್ತ ನಡೆಯಿರಿ. ಕೊನೆಯ ವಾರ ವಿಶ್ರಾಂತಿ. ಮಾತನಾಡುತ್ತ ನಡೆಯಬಲ್ಲ ವೇಗ ಸಾಕು. ಹೊಲಗೆಲಸ ಮಾಡುವವರಿಗೆ ಇದೂ ಬೇಡವೆಂದು ನಗುವರು. ಅವರು ನಗುವುದು ನ್ಯಾಯವೇ.

ಕೊನೆಯದಾಗಿ ಸ್ಥಳದ ವಿಚಾರ. ಇದರಲ್ಲಿ ಹುಡುಗಾಟಕ್ಕೆ ಎಡೆಯಿಲ್ಲ. ನಾಗರಹೊಳೆಯ ಅಂಚಿನ ಹನಗೋಡು, ಅಂತರಸಂತೆಯ ಕಡೆಯ ಹಳ್ಳಿಗಳಲ್ಲಿ ರೈತರು ಬೆಳೆ ಕಾಯಲು ರಾತ್ರಿ ಅಟ್ಟಣೆ ಏರುವುದು ಆಟವಲ್ಲ. ಆನೆ ಅಷ್ಟು ದೊಡ್ಡ ಪ್ರಾಣಿಯಾದರೂ ಮೆತ್ತನೆಯ ಪಾದಗಳಿಂದಾಗಿ ಸದ್ದಿಲ್ಲದೆ ಬರುವುದು. ಕಂದಕ, ಸೋಲಾರ್ ಬೇಲಿ, ರೈಲುಕಂಬಿಯ ತಡೆಗೋಡೆಗಳಿದ್ದರೂ ಅದು ಹಾದಿ ಹುಡುಕಿಕೊಳ್ಳುವುದು; ಕಾಯುತ್ತಿದ್ದವರೇ ಅದರ ಕಾಲಿಗೆ ಸಿಕ್ಕಿದುದೂ ಉಂಟು. ಆ ಕಡೆಯಿಂದ ಬರುವ ನಮ್ಮ ತರಗತಿಯ ಗೆಳೆಯನೊಬ್ಬನು ರಾಗಿ ತೆನೆಕಟ್ಟುವ ಕಾಲದಲ್ಲಿ ಪಾಠದ ವೇಳೆ ತೂಕಡಿಸುವುದನ್ನು ಕಂಡು ಮೊದಮೊದಲು ನಗುತ್ತಿದ್ದೆವು. ವಿಷಯ ತಿಳಿದ ಮೇಲೆ ಯಾರೂ ನಗುವುದಿಲ್ಲ. ಅವನ ಪಾಲಿನ ಟಿಪ್ಪಣಿಯನ್ನು ಸರದಿಯ ಮೇಲೆ ಬರೆದುಕೊಡುತ್ತೇವೆ. ಇಂತಹ ಹಳ್ಳಿಗಳ ಸಮೀಪದಲ್ಲಿ, ಅರಣ್ಯದ ಗಡಿಯಲ್ಲಿ, ರಾತ್ರಿಯ ಆಟವನ್ನು ಏರ್ಪಡಿಸತಕ್ಕದ್ದೇ ಅಲ್ಲ. ನಾವು ಊರಿಗೆ ಹತ್ತಿರದ ಗೋಮಾಳವನ್ನು ಆರಿಸಿಕೊಂಡು, ಹಗಲಿನಲ್ಲಿ ಎಲ್ಲರೂ ಒಮ್ಮೆ ನಡೆದು ನೋಡಿ, ಪಾಳುಬಾವಿಗೂ ಕಲ್ಲಿನ ಗುಂಡಿಗೂ ಸುತ್ತ ಬಿಳಿಯ ಹಗ್ಗ ಕಟ್ಟಿ, ಪಂಚಾಯಿತಿಗೂ ಪೊಲೀಸು ಠಾಣೆಗೂ ಪತ್ರ ಕೊಟ್ಟು, ಅಕ್ಕಪಕ್ಕದ ತೋಟದವರಿಗೆ ಬಾಯಲ್ಲಿಯೂ ಹೇಳಿ ಬರುತ್ತೇವೆ. ಕತ್ತಲೆಯಲ್ಲಿ ಓಡಾಡುವ ಹುಡುಗರನ್ನು ಪಂಪುಸೆಟ್ಟಿನ ಕಳ್ಳರೆಂದು ತಿಳಿದರೆ ತಪ್ಪು ಅವರದಲ್ಲ.

ಹಾವಿನ ಭಯ ಆನೆಗಿಂತ ಸಾಮಾನ್ಯವಾದುದು. ಕೊಳಕುಮಂಡಲ ಹುಲ್ಲಿನಲ್ಲಿ ಅಲುಗದೆ ಬಿದ್ದಿರುವುದು. ಕಟ್ಟುಹಾವು ರಾತ್ರಿ ಸಂಚರಿಸುವುದು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು, ಅದು ಕಚ್ಚಿದರೆ ನೋವೇ ತಿಳಿಯದಿರಬಹುದು. ಆದುದರಿಂದ ನಿದ್ದೆಯ ಸರದಿಯವರು ಕಟ್ಟೆಯ ಮೇಲೆ ಅಥವಾ ಮಂಚದ ಮೇಲೆ ಮಲಗಬೇಕು, ಹುಲ್ಲುಮೆದೆ ಸೌದೆಯ ರಾಶಿಗಳಿಂದ ದೂರವಿರಬೇಕು. ಪಾದ ಮುಚ್ಚುವ ಬೂಟಿಲ್ಲದವರನ್ನು ಆಟಕ್ಕೆ ಸೇರಿಸಬಾರದು. ಕಚ್ಚಿದೆಯೆಂಬ ಅನುಮಾನ ಬಂದರೂ ಆಟವನ್ನು ಅಲ್ಲಿಗೇ ನಿಲ್ಲಿಸಿ, ಹಗ್ಗ ಬಿಗಿಯದೆ, ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕಾಗಿ ಒಂದು ವಾಹನವೂ ರಾತ್ರಿ ಮಲಗಿ ಎದ್ದ ಚಾಲಕನೂ ಕಟ್ಟೆಯ ಬಳಿ ಸಿದ್ಧರಿರಬೇಕು.

ಮಲಗಿ ಎದ್ದ ಚಾಲಕ ಎಂದೆನಲ್ಲ, ಅದರಲ್ಲಿಯೇ ಈ ಆಟದ ಅತ್ಯಂತ ದೊಡ್ಡ ಅಪಾಯವಿದೆ. ಅದು ಬರುವುದು ಬಾವುಟ ಇಳಿಸಿದ ಮೇಲೆ. ಬೆಳಗ್ಗೆ ಆರೂವರೆಗೆ ಗೆದ್ದವರೂ ಸೋತವರೂ ಕೇಕೆ ಹಾಕುತ್ತ ಬೈಕು ಏರಿ ಹತ್ತು ಹದಿನೈದು ಕಿಲೋಮೀಟರು ದೂರದ ಹಳ್ಳಿಗಳಿಗೆ ಹೊರಡುವರು. ಹೆದ್ದಾರಿಯಲ್ಲಿ ಮಡಿಕೇರಿಯ ಕಡೆಯಿಂದ ಲಾರಿಗಳು ಬರುತ್ತಿರುವುವು. ಮೇಲೆ ಹೇಳಿದ ಲೆಕ್ಕವನ್ನು ಇಲ್ಲಿ ನೆನೆದುಕೊಳ್ಳಬೇಕು. ಸರದಿಯಲ್ಲಿ ಒಂದೂವರೆ ಗಂಟೆ ಮಲಗಿದವನಿಗೂ ಅದು ಬಾವುಟ ಕಾಯಲು ಸಾಕು, ಬೈಕು ನಡೆಸಲು ಸಾಲದು. ನಾವು ಕಳೆದ ಡಿಸೆಂಬರಿನಲ್ಲಿ ಮಾಡಿದ ಏರ್ಪಾಡು ಹೀಗಿತ್ತು. ಸಂಜೆ ಆಟಕ್ಕೆ ಹೆಸರು ಕೊಡುವಾಗಲೇ ಬೈಕಿನ ಬೀಗದಕೈಯನ್ನು ಅಧ್ಯಾಪಕರ ಕೈಗೆ ಕೊಡಬೇಕು, ಕೊಡದವನಿಗೆ ಆಟವಿಲ್ಲ. ಬೆಳಗ್ಗೆ ಎಲ್ಲರೂ ಕಾಲೇಜಿಗೆ ನಡೆದು ಬಂದು, ಪಾದಗಳನ್ನು ತೊಳೆದು ಒಬ್ಬರದನ್ನೊಬ್ಬರು ನೋಡಿ, ಬಿಸಿ ರಾಗಿಗಂಜಿ ಕುಡಿದು, ಹುಡುಗರು ಸಭಾಂಗಣದಲ್ಲಿಯೂ ಹುಡುಗಿಯರು ವಾಚನಾಲಯದಲ್ಲಿಯೂ ಮಲಗಿದರು. ಹಳ್ಳಿಯ ಮನೆಗಳಿಗೆ ಮಧ್ಯಾಹ್ನ ಬರುವರೆಂದು ಹಿಂದಿನ ದಿನವೇ ಹೇಳಿಕಳುಹಿಸಲಾಗಿತ್ತು. ಒಂಬತ್ತು ಬೀಗದಕೈಗಳಲ್ಲಿ ಮೊದಲನೆಯದನ್ನು ಹತ್ತೂವರೆಗೆ ಕೇಳಿದರು. ಕೊನೆಯದು ಒಂದು ಗಂಟೆಯವರೆಗೂ ಅಧ್ಯಾಪಕರ ಮೇಜಿನ ಮೇಲೆಯೇ ಇತ್ತು; ಅದರ ಒಡೆಯನು ಇನ್ನೂ ಎದ್ದಿರಲಿಲ್ಲ.